ಟರ್ಮಿನಲ್ ಚೆನ್ನಾಗಿ ನಡೀತಿದೆಯಾ? ಮೊದಲು ಗಡಿಯಾರ ಎಲ್ಲಿ ಶುರುವಾಗುತ್ತೆ ಅಂತ ಕೇಳಿ

"ಒಳಗೆ ಹೋದ್ರೆ ಅರ್ಧ ಗಂಟೆ ಕೆಲ್ಸ ಸಾರ್. ಒಳಗೆ ಹೋಗೋಕೇ ಒಂದು ರಾತ್ರಿ."

ಬಂದರೊಂದರ ಗೇಟಿನ ಹೊರಗೆ, ರಸ್ತೆ ಬದಿಯ ಟೀ ಅಂಗಡಿಯಲ್ಲಿ ಹಾಸನ ಕಡೆಯ ಲಾರಿ ಚಾಲಕರೊಬ್ಬರು ನನಗೆ ಹೇಳಿದ ಮಾತಿದು. ಅವರ ಲಾರಿಯ ಹಿಂದೆ ಮುಂದೆ ಕಂಟೇನರ್ ಹೊತ್ತ ಲಾರಿಗಳ ಸಾಲು. ಜೊತೆಗೆ ಕ್ಲೀನರ್ ಇಲ್ಲ. ನಿದ್ದೆ ಹೋದರೆ ಸಾಲು ಮುಂದೆ ಜರುಗಿ, ಹಿಂದಿನವರು ಹಾರ್ನ್ ಹೊಡೆದು ಎಬ್ಬಿಸಬೇಕು. "ಹಾಲ್ಟಿಂಗ್ ದುಡ್ಡು ಕೊಡ್ತಾರಾ ಅಣ್ಣಾ?" ಅಂದೆ. "ಸಿಕ್ಕಿದ್ರೆ ಓನರ್‌ಗೆ ಸಿಗುತ್ತೆ. ನಮ್ಗೆಲ್ಲಿ?" ಅಂದರು.

ಆಮೇಲೆ ಅದೇ ಬಂದರಿನ ಒಬ್ಬ ಅಧಿಕಾರಿಯ ಹತ್ತಿರ ವಿಚಾರಿಸಿದೆ. ಲಾರಿಯೊಂದು ಬಂದು ಹೋಗಲು ಹಿಡಿಯುವ ಸಮಯ ನಮ್ಮಲ್ಲಿ ತುಂಬಾ ಕಡಿಮೆ ಅಂತ ಅವರು ಹೆಮ್ಮೆಯಿಂದಲೇ ಹೇಳಿದರು. ಯೋಚಿಸಿದಾಗ ಇಬ್ಬರೂ ಸುಳ್ಳು ಹೇಳಿರಲಿಲ್ಲ ಅಂತ ಗೊತ್ತಾಯ್ತು. ಅಧಿಕಾರಿಯ ಗಡಿಯಾರ ಲಾರಿ ಗೇಟು ದಾಟಿದ ಮೇಲೆ ಶುರುವಾಗುತ್ತೆ. ಚಾಲಕರ ಗಡಿಯಾರ ಸಾಲಿನ ಬಾಲ ಸೇರಿದಾಗಲೇ ಶುರುವಾಗಿರುತ್ತೆ.

ಬಂದರು, ಬಸ್ ನಿಲ್ದಾಣ, ರೈಲು ನಿಲ್ದಾಣ, ವಿಮಾನ ನಿಲ್ದಾಣ ಇವೆಲ್ಲವೂ ಟರ್ಮಿನಲ್‌ಗಳೇ. ಸರಕೋ ಜನವೋ ಒಂದು ವಾಹನದಿಂದ ಇಳಿದು ಇನ್ನೊಂದನ್ನು ಹತ್ತುವ ಜಾಗಗಳು. ಇವು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಅಂತ ಅಳೆಯುವ ಅಂಕಿಗಳು ಈಗ ದಿನಾ ಸುದ್ದಿಯಲ್ಲಿ ಬರುತ್ತವೆ. ಆ ಅಂಕಿಗಳ ಮೇಲೆ ಗುತ್ತಿಗೆ, ದಂಡ, ಬಡ್ತಿ, ಹೊಸ ಕಟ್ಟಡದ ಹಣ ಎಲ್ಲ ನಿಂತಿರುತ್ತೆ. ಅವುಗಳನ್ನು ಓದುವುದು ಹೇಗೆ, ಯಾವುದನ್ನು ನಂಬಬಹುದು, ಯಾವುದರಲ್ಲಿ ಏನು ಬಿಟ್ಟುಹೋಗಿರುತ್ತೆ ಅಂತ ಒಂದೇ ಕಡೆ ಬರೆದಿಡೋಣ ಅನ್ನಿಸಿತು.

ಉತ್ಪಾದಕತೆ ಬೇರೆ, ದಕ್ಷತೆ ಬೇರೆ

ಮಾತಲ್ಲಿ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಅಳೆಯುವಾಗ ಹಾಗೆ ಮಾಡೋಕೆ ಬರೋದಿಲ್ಲ.

ಉತ್ಪಾದಕತೆ ಸುಲಭದ ಭಾಗಾಕಾರ. ಆದ ಕೆಲಸವನ್ನು ಹಾಕಿದ ಸಂಪನ್ಮೂಲದಿಂದ ಭಾಗಿಸಿದರೆ ಬರೋದು. ಒಂದು ಕ್ರೇನ್ ಗಂಟೆಗೆ ಎಷ್ಟು ಕಂಟೇನರ್ ಎತ್ತಿತು, ಒಂದು ಬರ್ತ್‌ನಲ್ಲಿ, ಅಂದರೆ ಹಡಗು ಕಟ್ಟುವ ಧಕ್ಕೆಯಲ್ಲಿ, ದಿನಕ್ಕೆ ಎಷ್ಟು ಟನ್ ಇಳಿಯಿತು, ಒಂದು ಪ್ಲಾಟ್‌ಫಾರ್ಮಿನಿಂದ ಗಂಟೆಗೆ ಎಷ್ಟು ಬಸ್ ಹೊರಟವು, ಹೀಗೆ.

ದಕ್ಷತೆ ಹೋಲಿಕೆಯ ಮಾತು. ಇದೇ ಜಾಗ, ಇದೇ ಯಂತ್ರ, ಇದೇ ಜನ ಇಟ್ಟುಕೊಂಡು ಎಷ್ಟು ಮಾಡಬಹುದಿತ್ತೋ ಅದರಲ್ಲಿ ಎಷ್ಟು ಮಾಡಿದಿರಿ ಅಂತ ಕೇಳುತ್ತೆ. ಚಿಕ್ಕ ಬಂದರು ದೊಡ್ಡ ಬಂದರಿಗಿಂತ ಕಡಿಮೆ ಸರಕು ಸಾಗಿಸಿಯೂ ಹೆಚ್ಚು ದಕ್ಷವಾಗಿರಬಹುದು. ಇಂಥ ಹೋಲಿಕೆಗೆ 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬ ಮೂವರು ಒಂದು ಗಣಿತದ ವಿಧಾನ ಕೊಟ್ಟರು. ಹಲವು ಘಟಕಗಳನ್ನು ಪಕ್ಕಪಕ್ಕ ಇಟ್ಟು, ಅವುಗಳಲ್ಲಿ ಚೆನ್ನಾಗಿ ಮಾಡಿದವನ್ನೇ ಗೆರೆಯಾಗಿ ಎಳೆದು, ಉಳಿದವು ಆ ಗೆರೆಯಿಂದ ಎಷ್ಟು ಹಿಂದಿವೆ ಅಂತ ನೋಡೋದು. 1990ರ ದಶಕದಿಂದ ಬಂದರುಗಳಿಗೂ ಇದನ್ನು ಬಳಸುತ್ತಿದ್ದಾರೆ. ಇದರಲ್ಲಿ ಒಂದು ಎಚ್ಚರ ಬೇಕು. ಗೆರೆ ಎಳೆಯೋದು ಇರುವವರ ಪೈಕಿ ಮುಂದಿರುವವರಿಂದ. ಎಲ್ಲರೂ ನಿಧಾನವಾಗಿದ್ದರೆ ಅವರಲ್ಲಿ ಕಡಿಮೆ ನಿಧಾನದವನಿಗೆ ನೂರಕ್ಕೆ ನೂರು ಸಿಗುತ್ತೆ!

ಉತ್ಪಾದಕತೆ ಎಷ್ಟು ಜಿಗಿಯಬಹುದು ಅನ್ನೋದಕ್ಕೆ ಕಂಟೇನರಿನ ಕತೆಯೇ ಸಾಕ್ಷಿ. 1956ರ ಏಪ್ರಿಲ್ 26ರಂದು 'ಐಡಿಯಲ್ ಎಕ್ಸ್' ಎಂಬ ಹಡಗು ಅಮೆರಿಕದ ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ 58 ಕಂಟೇನರ್ ಹೊತ್ತು ಹೊರಟಿತು. ಅಲ್ಲಿಯವರೆಗೆ ಚೀಲ, ಪೆಟ್ಟಿಗೆ, ಪೀಪಾಯಿಗಳನ್ನು ಬಿಡಿಬಿಡಿಯಾಗಿ ಹೊತ್ತು ತುಂಬಬೇಕಿತ್ತು. ಆ ಕಾಲದ ಲೆಕ್ಕದಲ್ಲಿ ಬಿಡಿ ಸರಕು ತುಂಬಲು ಟನ್ನಿಗೆ 5.86 ಡಾಲರ್ ಆಗುತ್ತಿದ್ದರೆ, ಕಂಟೇನರಿನಲ್ಲಿ ಅದು ಸುಮಾರು 16 ಸೆಂಟ್‌ಗೆ ಇಳಿಯಿತು. ತಲಾ ಕೆಲಸಗಾರನ ಉತ್ಪಾದಕತೆ ಆಕಾಶಕ್ಕೇರಿತು. ಜೊತೆಗೇ ಜಗತ್ತಿನ ಬಂದರುಗಳಲ್ಲಿ ಹೊರೆ ಹೊರುತ್ತಿದ್ದ ಲಕ್ಷಾಂತರ ಜನರ ಕೆಲಸವೂ ಹೋಯಿತು. ಅಂಕಿಯಲ್ಲಿ ಮೊದಲನೆಯದು ಕಾಣುತ್ತೆ, ಎರಡನೆಯದು ಕಾಣೋದಿಲ್ಲ.

ಹಡಗಿನ ಗಡಿಯಾರ

ಬಂದರಿನ ಅಂಕಿಗಳಲ್ಲಿ ಸರ್ಕಾರ ಹೆಚ್ಚಾಗಿ ಹೇಳೋದು 'ಟರ್ನ್ಅರೌಂಡ್ ಟೈಮ್'. ಹಡಗು ಬಂದರಿಗೆ ಬಂದಾಗಿನಿಂದ ಕೆಲಸ ಮುಗಿಸಿ ಹೊರಡುವ ತನಕದ ಸಮಯ. ದೇಶದ ಪ್ರಮುಖ ಬಂದರುಗಳ ಸರಾಸರಿ 2013-14ರಲ್ಲಿ ಸುಮಾರು 94 ಗಂಟೆ ಇತ್ತು. 2023-24ಕ್ಕೆ ಸುಮಾರು 48 ಗಂಟೆಗೆ ಬಂದಿದೆ ಅಂತ ಸರ್ಕಾರದ ಲೆಕ್ಕ. ಇದು ನಿಜವಾದ ಸುಧಾರಣೆ, ಸಣ್ಣದೇನಲ್ಲ.

ಆದರೆ ಈ ಒಂದು ಅಂಕಿಯ ಒಳಗೆ ಮೂರು ಬೇರೆ ಬೇರೆ ಸಮಯಗಳಿವೆ. ಮೊದಲನೆಯದು, ಬರ್ತ್ ಸಿಗದೆ ಹಡಗು ಹೊರ ಸಮುದ್ರದಲ್ಲಿ ಲಂಗರು ಹಾಕಿ ಕಾಯುವ ಸಮಯ. ಎರಡನೆಯದು, ಬರ್ತ್‌ನಲ್ಲಿ ನಿಂತು ನಿಜಕ್ಕೂ ಸರಕು ಇಳಿಸುವ, ಏರಿಸುವ ಸಮಯ. ಮೂರನೆಯದು, ಬರ್ತ್‌ನಲ್ಲೇ ಸುಮ್ಮನೆ ನಿಂತಿರುವ ಸಮಯ: ಕಾಗದಪತ್ರ ಬಂದಿಲ್ಲ, ಮಳೆ, ಪಾಳಿ ಬದಲಾವಣೆ, ಲಾರಿ ಬಂದಿಲ್ಲ, ಕ್ರೇನ್ ಕೆಟ್ಟಿದೆ. ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಕ್ಕೆ ಬರ್ತ್ ಹೆಚ್ಚು ಬೇಕಾಗಬಹುದು, ಎರಡನೆಯದಕ್ಕೆ ಒಳ್ಳೆಯ ಯಂತ್ರ, ಮೂರನೆಯದಕ್ಕೆ ಒಳ್ಳೆಯ ಆಡಳಿತ. ಮೂರನ್ನೂ ಸೇರಿಸಿದ ಒಂದೇ ಅಂಕಿ ನೋಡಿಕೊಂಡು ಕೋಟಿಗಟ್ಟಲೆಯ ಕ್ರೇನ್ ಕೊಂಡರೆ, ಕ್ರೇನೂ ಕಾಗದಕ್ಕಾಗಿ ಕಾಯುತ್ತಾ ನಿಲ್ಲುತ್ತೆ.

ನಮ್ಮ ಬಂದರು ಅಂಕಿಅಂಶಗಳಲ್ಲಿ ಒಂದು ಸ್ವಾರಸ್ಯದ ವಿಂಗಡಣೆ ಇದೆ. ಬರ್ತ್‌ಗೆ ಮುಂಚಿನ ಕಾಯುವಿಕೆಯನ್ನು 'ಬಂದರಿನ ಲೆಕ್ಕಕ್ಕೆ' ಮತ್ತು 'ಬಂದರಿನದ್ದಲ್ಲದ ಲೆಕ್ಕಕ್ಕೆ' ಅಂತ ಎರಡು ಮಾಡುತ್ತಾರೆ. ಬರ್ತ್ ಖಾಲಿ ಇಲ್ಲದೆ ಕಾದರೆ ಅದು ಬಂದರಿನ ಲೆಕ್ಕ. ಹಡಗಿನವರ ಕಾಗದ ಸಿದ್ಧವಿಲ್ಲದೆ ಕಾದರೆ ಇನ್ನೊಂದು ಲೆಕ್ಕ. ತಾತ್ವಿಕವಾಗಿ ಇದು ಸರಿಯೇ. ತನ್ನದಲ್ಲದ ತಪ್ಪಿಗೆ ಬಂದರನ್ನು ದೂರಬಾರದು. ಆದರೆ ಯಾವ ಗಂಟೆ ಯಾವ ಖಾತೆಗೆ ಅಂತ ಬರೆಯುವವರು ಯಾರು? ಇಂಥ ಯಾವುದೇ ಅಂಕಿ ನೋಡಿದಾಗ ನನಗೆ ಮೊದಲು ಬರುವ ಪ್ರಶ್ನೆ ಅದೇ.

ಕ್ರೇನಿನ ಲೆಕ್ಕದಲ್ಲೂ ಹೀಗೇ ಎರಡಿವೆ. ಹಡಗು ಕಟ್ಟೆಯ ಒಂದು ಒಳ್ಳೆಯ ಕ್ರೇನ್ ಗಂಟೆಗೆ 25ರಿಂದ 35 ಸಲ ಎತ್ತಿ ಇಳಿಸುತ್ತೆ. ಕ್ರೇನ್ ನಿಂತಿದ್ದ ಹೊತ್ತನ್ನೆಲ್ಲ ಕಳೆದು ಲೆಕ್ಕ ಹಾಕಿದರೆ ಅದು 'ನಿವ್ವಳ' ದರ. ನಿಂತಿದ್ದನ್ನೂ ಸೇರಿಸಿದರೆ 'ಒಟ್ಟು' ದರ. ಜಾಹೀರಾತಿನಲ್ಲಿ ನಿವ್ವಳ ದರ ಬರುತ್ತೆ. ಹಡಗಿನವನ ಜೇಬಿಗೆ ತಟ್ಟೋದು ಒಟ್ಟು ದರ.

ಎಲ್ಲ ಸರಕನ್ನೂ ಟನ್ನಿನಲ್ಲೇ ತೂಗಿದರೆ ಇನ್ನೊಂದು ಗೊಂದಲ. ನಮ್ಮ ಪಣಂಬೂರಿನ ನವ ಮಂಗಳೂರು ಬಂದರನ್ನೇ ನೋಡಿ. ಅಲ್ಲಿ ಕಚ್ಚಾತೈಲ, ಎಲ್‌ಪಿಜಿ, ಕಲ್ಲಿದ್ದಲು ಬರುತ್ತೆ. ಕಾಫಿ, ಗೋಡಂಬಿ ಕಂಟೇನರಿನಲ್ಲಿ ಹೋಗುತ್ತೆ. ಕಚ್ಚಾತೈಲ ಹಡಗಿನ ಪಂಪಿನಿಂದಲೇ ಪೈಪಿಗೆ ಹರಿಯುತ್ತೆ. ಒಂದು ದಿನದಲ್ಲಿ ಹರಿಯುವ ಟನ್ನುಗಳ ಮುಂದೆ ಕಾಫಿಯ ಟನ್ನು ಏನೂ ಅಲ್ಲ. ಹಾಗಂತ ಕಾಫಿ ತುಂಬುವವರು ಸೋಮಾರಿಗಳಾ? ತೈಲ ಹೆಚ್ಚು ಬಂದ ವರ್ಷ ಇಡೀ ಬಂದರಿನ 'ದಿನಕ್ಕೆ ಇಷ್ಟು ಟನ್' ಏರುತ್ತೆ, ಕಂಟೇನರ್ ಹೆಚ್ಚಾದ ವರ್ಷ ಇಳಿಯಲೂಬಹುದು. ಎರಡರಲ್ಲೂ ಕೆಲಸಗಾರರ ಪಾತ್ರ ಅಷ್ಟಕ್ಕಷ್ಟೇ.

ಅದೇ ಬಂದರಿನ ಹಳೆಯ ಕತೆ ಇನ್ನೂ ದೊಡ್ಡ ಪಾಠ. 1970ರ ದಶಕದಲ್ಲಿ ಶುರುವಾದ ಈ ಬಂದರಿನ ಮುಖ್ಯ ಭರವಸೆಗಳಲ್ಲಿ ಒಂದು ಕುದುರೆಮುಖದ ಕಬ್ಬಿಣದ ಅದಿರು. ಘಟ್ಟದ ಮೇಲಿನಿಂದ ಸುಮಾರು 67 ಕಿ.ಮೀ. ಪೈಪಿನಲ್ಲಿ ಅದಿರಿನ ಪುಡಿ ನೀರಿನ ಜೊತೆ ಕೆಸರಾಗಿ ಇಳಿದು ಬರುತ್ತಿತ್ತು. 2005ರ ಕೊನೆಗೆ ಗಣಿ ನಿಂತಿತು. ಆ ಕೆಸರಿನ ದಾರಿಯೂ ನಿಂತಿತು. ಬಂದರಿನ ಯಂತ್ರ ಕೆಟ್ಟಿರಲಿಲ್ಲ, ಜನ ಕೆಲಸ ಮರೆತಿರಲಿಲ್ಲ. ಟರ್ಮಿನಲ್‌ನ ಉತ್ಪಾದಕತೆ ಅನ್ನೋದು ಅರ್ಧದಷ್ಟು ಅದರ ಹಿಂದಿರುವ ಊರು, ಗಣಿ, ಕಾರ್ಖಾನೆ, ಘಾಟಿ ರಸ್ತೆಗಳ ಕತೆ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಪಣಂಬೂರಿನ ಅಂಕಿ ಬಾಗುತ್ತೆ.

ಬರ್ತ್ ಖಾಲಿ ಇದ್ದರೆ ನಷ್ಟವಾ?

ಕೋಟ್ಯಂತರ ಹಾಕಿ ಕಟ್ಟಿದ ಬರ್ತ್ ಖಾಲಿ ನಿಂತಿದ್ದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ಹಾಗಾಗಿ 'ಬಳಕೆ ಪ್ರಮಾಣ' ಅಂದರೆ ವರ್ಷದಲ್ಲಿ ಶೇಕಡಾ ಎಷ್ಟು ಹೊತ್ತು ಬರ್ತ್ ತುಂಬಿತ್ತು ಅನ್ನೋದನ್ನು ದಕ್ಷತೆಯ ಗುರುತು ಅಂತ ತಿಳಿಯುತ್ತಾರೆ. ಶೇ. 90 ಅಂದರೆ ಭೇಷ್ ಅನ್ನುತ್ತಾರೆ. ಸಾಮಾನ್ಯ ಬುದ್ಧಿ ಇಲ್ಲಿ ದಾರಿ ತಪ್ಪಿಸುತ್ತೆ.

ಸಾಲುಗಳ ಗಣಿತ ಶುರುವಾಗಿದ್ದು ಟೆಲಿಫೋನಿನಿಂದ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬವರು 1909ರಲ್ಲಿ ಇದರ ಮೊದಲ ಪ್ರಬಂಧ ಬರೆದರು. ಕರೆಗಳು ಹೇಳಿ ಕೇಳಿ ಬರೋದಿಲ್ಲ. ಹಡಗೂ, ಬಸ್ಸೂ, ಲಾರಿಯೂ ಹಾಗೆಯೇ. ಒಂದೇ ಕೌಂಟರು, ಬರುವ ಹೊತ್ತೂ ಕೆಲಸದ ಹೊತ್ತೂ ಹೇಗೆಂದರೆ ಹಾಗೆ ಏರಿಳಿಯುತ್ತೆ ಅಂತ ಇಟ್ಟುಕೊಳ್ಳಿ. ಆಗ ಲೆಕ್ಕ ಹೀಗೆ ಬರುತ್ತೆ:

– ಶೇ. 50 ಬಳಕೆ: ಸರಾಸರಿ ಕಾಯುವಿಕೆ, ಒಂದು ಕೆಲಸಕ್ಕೆ ಬೇಕಾದ ಸಮಯದಷ್ಟೇ.
– ಶೇ. 80 ಬಳಕೆ: ಅದರ 4 ಪಟ್ಟು.
– ಶೇ. 90 ಬಳಕೆ: 9 ಪಟ್ಟು.
– ಶೇ. 95 ಬಳಕೆ: 19 ಪಟ್ಟು.

ಅಂದರೆ 80ರಿಂದ 90ಕ್ಕೆ ಹೋದಾಗ ಮಾಲೀಕನಿಗೆ ಸಿಕ್ಕಿದ್ದು ಎಂಟನೇ ಒಂದು ಭಾಗ ಹೆಚ್ಚು ಕೆಲಸ. ಕಾಯುವವನಿಗೆ ಎರಡು ಪಟ್ಟಿಗಿಂತ ಹೆಚ್ಚು ಶಿಕ್ಷೆ. ಚಾಲಕರು ಹೇಳಿದ 'ಅರ್ಧ ಗಂಟೆ ಕೆಲಸಕ್ಕೆ ಒಂದು ರಾತ್ರಿ' ಅನ್ನೋದು ಅತಿಶಯೋಕ್ತಿ ಅನ್ನಿಸಿದ್ದರೆ ಈ ಕೊನೆಯ ಸಾಲು ಇನ್ನೊಮ್ಮೆ ನೋಡಿ. ಅರ್ಧ ಗಂಟೆಯ 19 ಪಟ್ಟು ಒಂಬತ್ತೂವರೆ ಗಂಟೆ.

ಒಂದರ ಬದಲು ಹಲವು ಬರ್ತ್ ಇದ್ದು, ಯಾವ ಹಡಗು ಎಲ್ಲಿ ಬೇಕಾದರೂ ನಿಲ್ಲಬಹುದಾದರೆ ಪರಿಸ್ಥಿತಿ ಸುಧಾರಿಸುತ್ತೆ. ಅದಕ್ಕೇ ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಂಸ್ಥೆ, ಅಂಕ್‌ಟಾಡ್, ತನ್ನ ಬಂದರು ಕೈಪಿಡಿಯಲ್ಲಿ ಸಾಮಾನ್ಯ ಸರಕಿಗೆ ಒಂದು ಮಿತಿ ಕೊಟ್ಟಿದೆ. ಒಂದೇ ಬರ್ತ್ ಇದ್ದರೆ ಶೇ. 40, ಎರಡಿದ್ದರೆ 50, ನಾಲ್ಕಿದ್ದರೆ 60, ಆರರ ಮೇಲಿದ್ದರೆ 70. ಇದಕ್ಕಿಂತ ಹೆಚ್ಚು ತುಂಬಿಸಬೇಡಿ ಅಂತ ಅರ್ಥ. ಒಂದೇ ಬರ್ತ್ ಇರುವ ಕಡೆ ಅರ್ಧಕ್ಕಿಂತ ಹೆಚ್ಚು ಹೊತ್ತು ಅದು ಖಾಲಿ ಇರೋದೇ ಆರೋಗ್ಯ. ಮನೆಯಲ್ಲಿ ಬಚ್ಚಲು ದಿನವಿಡೀ ಖಾಲಿ ಇರುತ್ತೆ ಅಂತ ಯಾರೂ ಗೊಣಗೋದಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಖಾಲಿ ಸಿಗುತ್ತಾ ಅನ್ನೋದು ಮುಖ್ಯ.

ಪಟ್ಟಿಯಲ್ಲಿ ಎಷ್ಟನೇ ಸ್ಥಾನ?

ವಿಶ್ವಬ್ಯಾಂಕ್ ಕೆಲವು ವರ್ಷಗಳಿಂದ ಕಂಟೇನರ್ ಬಂದರುಗಳ ಕಾರ್ಯಕ್ಷಮತೆಯ ಸೂಚ್ಯಂಕ ಪ್ರಕಟಿಸುತ್ತಿದೆ. 2023ರ ಸೂಚ್ಯಂಕದಲ್ಲಿ 405 ಬಂದರುಗಳಿದ್ದವು. ನಮ್ಮ ವಿಶಾಖಪಟ್ಟಣ 19ನೇ ಸ್ಥಾನಕ್ಕೆ ಏರಿತ್ತು, ಮುಂದ್ರಾ 27ನೇ ಸ್ಥಾನದಲ್ಲಿತ್ತು. ಸುದ್ದಿ ಸಂಭ್ರಮದಿಂದಲೇ ಬಂತು. ಸಂಭ್ರಮಕ್ಕೆ ಕಾರಣವೂ ಇತ್ತು. ಅದೇ ವಿಶ್ವಬ್ಯಾಂಕಿನ 2023ರ ಲಾಜಿಸ್ಟಿಕ್ಸ್ ವರದಿಯ ಪ್ರಕಾರ ವಿಶಾಖಪಟ್ಟಣದಲ್ಲಿ ಕಂಟೇನರ್ ಬಿದ್ದಿರುವ ಅವಧಿ 2015ರಲ್ಲಿ 32.4 ದಿನ ಇದ್ದದ್ದು 2019ಕ್ಕೆ 5.3 ದಿನಕ್ಕೆ ಇಳಿದಿತ್ತು. ಕಂಟೇನರಿಗೆ ಟ್ಯಾಗ್ ಹಾಕಿ ಎಲ್ಲಿದೆ ಅಂತ ತಿಳಿಯುವ ವ್ಯವಸ್ಥೆ ಬಂದದ್ದು ಒಂದು ಕಾರಣ ಅಂತ ಆ ವರದಿ ಹೇಳುತ್ತೆ.

ಇಲ್ಲಿ ಎರಡು ಬೇರೆ ಗಡಿಯಾರಗಳಿರೋದನ್ನು ಗಮನಿಸಿ. ಸೂಚ್ಯಂಕ ಅಳೆಯೋದು ಹಡಗು ಬಂದರಿನಲ್ಲಿ ಕಳೆದ ಸಮಯ ಮಾತ್ರ. ಬಂದರಿನ ಗಡಿ ಮುಟ್ಟಿದ್ದರಿಂದ ಬರ್ತ್ ಬಿಡುವ ತನಕ. ಕಂಟೇನರ್ ಆಮೇಲೆ ಅಂಗಳದಲ್ಲಿ ಎಷ್ಟು ದಿನ ಬಿದ್ದಿತ್ತು, ಲಾರಿ ಗೇಟಿನಾಚೆ ಎಷ್ಟು ಹೊತ್ತು ನಿಂತಿತ್ತು ಅನ್ನೋದು ಅದರ ಲೆಕ್ಕದಲ್ಲೇ ಇಲ್ಲ. ಬಿದ್ದಿರುವ ಅವಧಿ ಬೇರೆ ವರದಿಯಲ್ಲಿ ಸಿಗುತ್ತೆ. ಲಾರಿಯ ಸಾಲು ಇವೆರಡರಲ್ಲೂ ಇಲ್ಲ.

ಆ ಪಟ್ಟಿಯ ತೀರಾ ಕೊನೆಯಲ್ಲಿ, 405ನೇ ಸ್ಥಾನದಲ್ಲಿ, ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಇತ್ತು. ಅಲ್ಲಿ ಹಳೆಯ ಯಂತ್ರಗಳ ಸಮಸ್ಯೆ ಇತ್ತು, ನಿಜ. ಆದರೆ ಕೇಪ್‌ಟೌನ್ ಗಾಳಿಗೆ ಹೆಸರಾದ ಊರು. ಬೇಸಿಗೆಯ ಆಗ್ನೇಯ ಗಾಳಿ ಜೋರಾದಾಗ ಕ್ರೇನ್ ನಿಲ್ಲಿಸಲೇಬೇಕು. ದ್ರಾಕ್ಷಿ ಮುಂತಾದ ಹಣ್ಣು ರಫ್ತಾಗುವ ಕಾಲವೂ ಅದೇ. ಯಂತ್ರ ತಂದರೆ ಒಂದಷ್ಟು ಸರಿಹೋಗುತ್ತೆ, ಗಾಳಿಗೆ ನೋಟಿಸ್ ಕೊಡೋಕಾಗಲ್ಲ. ಪಟ್ಟಿಯಲ್ಲಿ ಮಾತ್ರ ಎರಡೂ ಸೇರಿ ಒಂದೇ ಸಂಖ್ಯೆ. ನಮ್ಮ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳು ಮಳೆಗಾಲದಲ್ಲಿ ಕಟ್ಟಿ ನಿಲ್ಲುತ್ತವೆ. ಅವುಗಳ ವರ್ಷದ ಲೆಕ್ಕವನ್ನು ಹನ್ನೆರಡು ತಿಂಗಳಿಗೆ ಭಾಗಿಸಿ 'ಕಳಪೆ' ಅಂದರೆ ಬಂದರು ಪ್ರದೇಶದಲ್ಲಿ ನಗುತ್ತಾರೆ.

ಸಾಲು ಕಾಣದಿದ್ದರೆ ಸಾಲು ಇಲ್ಲವಾ?

ಅಂಕಿಯೊಂದು ಗುರಿಯಾದ ಕೂಡಲೇ ಅದು ಒಳ್ಳೆಯ ಅಳತೆಯಾಗಿ ಉಳಿಯೋದಿಲ್ಲ ಅನ್ನೋ ಮಾತನ್ನು ಗುಡ್‌ಹಾರ್ಟ್ ನಿಯಮ ಅಂತ ಕರೆಯುತ್ತಾರೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು. ಟರ್ಮಿನಲ್‌ಗಳಿಗೆ ಹೇಳಿ ಮಾಡಿಸಿದಂತಿದೆ.

ಕೋವಿಡ್ ಕಾಲದಲ್ಲಿ ಲಾಸ್ ಏಂಜಲೀಸ್ ಮತ್ತು ಲಾಂಗ್ ಬೀಚ್ ಬಂದರುಗಳ ಮುಂದೆ ಹಡಗುಗಳ ಸಾಲು ಟಿವಿಯಲ್ಲಿ ನೀವೂ ನೋಡಿರುತ್ತೀರಿ. ತೀರಕ್ಕೆ ಮೊದಲು ಬಂದವರಿಗೆ ಮೊದಲು ಜಾಗ ಅನ್ನೋ ಪದ್ಧತಿಯಿಂದ ಎಲ್ಲರೂ ಓಡೋಡಿ ಬಂದು ತೀರದಲ್ಲಿ ನಿಲ್ಲುತ್ತಿದ್ದರು. 2021ರ ನವೆಂಬರಿನಲ್ಲಿ ಪದ್ಧತಿ ಬದಲಾಯಿತು. ಹಿಂದಿನ ಬಂದರನ್ನು ಯಾವಾಗ ಬಿಟ್ಟಿರೋ ಅದರ ಮೇಲೆ ಸರದಿ, ಹಾಗಾಗಿ ದೂರದಲ್ಲೇ ಇರಿ, ನಿಧಾನಕ್ಕೆ ಬನ್ನಿ ಅಂದರು. ಹೊಗೆ, ಅಪಘಾತದ ಭಯ ಕಡಿಮೆಯಾಯಿತು, ಅದು ಒಳ್ಳೆಯದೇ. ತೀರದಲ್ಲಿ ಕಾಣುವ ಹಡಗುಗಳ ಸಂಖ್ಯೆಯೂ ಧಡಕ್ಕನೆ ಇಳಿಯಿತು. ಆದರೆ ದೂರದಲ್ಲಿದ್ದವನ್ನೂ ಸೇರಿಸಿ ಎಣಿಸಿದಾಗ ಸಾಲು ಬೆಳೆಯುತ್ತಲೇ ಇತ್ತು. 2022ರ ಜನವರಿಯಲ್ಲಿ ಅದು 109 ಹಡಗುಗಳಿಗೆ ಮುಟ್ಟಿತು. ಕಿಟಕಿಯಿಂದ ಕಾಣುವ ಹಡಗು ಮಾತ್ರ ಎಣಿಸಿದವರು ಸಮಸ್ಯೆ ಮುಗಿಯಿತು ಅಂದುಕೊಂಡಿರಬೇಕು.

ವಿಮಾನ ನಿಲ್ದಾಣಕ್ಕೆ ಬನ್ನಿ. ನಮ್ಮಲ್ಲಿ ವಿಮಾನದ ಎಂಜಿನ್ ಆರಿಸಿದ ಹತ್ತು ನಿಮಿಷದೊಳಗೆ ಮೊದಲ ಬ್ಯಾಗ್, ಮೂವತ್ತು ನಿಮಿಷದೊಳಗೆ ಕೊನೆಯ ಬ್ಯಾಗ್ ಬೆಲ್ಟಿಗೆ ಬರಬೇಕು ಅಂತ ನಿಯಮ. 2024ರ ಆರಂಭದಲ್ಲಿ ಕೇಂದ್ರದ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಇದನ್ನು ಪಾಲಿಸಿ ಅಂತ ವಿಮಾನ ಕಂಪನಿಗಳಿಗೆ ತಾಕೀತು ಮಾಡಿತು. ಈ ನಿಯಮ ನನಗೆ ಇಷ್ಟ. ಕಾರಣ, ಗಡಿಯಾರ ಎಲ್ಲಿ ಶುರು, ಎಲ್ಲಿ ಕೊನೆ ಅಂತ ಇದರಲ್ಲಿ ಸ್ಪಷ್ಟವಾಗಿದೆ. ಸರಾಸರಿ ಬ್ಯಾಗ್ ಅನ್ನಲಿಲ್ಲ, ಕೊನೆಯ ಬ್ಯಾಗ್ ಅಂದಿದೆ.

ಇದಕ್ಕೆ ತದ್ವಿರುದ್ಧದ ಒಂದು ಕತೆ ಹ್ಯೂಸ್ಟನ್ ವಿಮಾನ ನಿಲ್ದಾಣದ್ದು. ಬ್ಯಾಗಿಗಾಗಿ ಕಾಯಬೇಕು ಅಂತ ಪ್ರಯಾಣಿಕರ ದೂರು. ಕೆಲಸಗಾರರನ್ನು ಹೆಚ್ಚಿಸಿ ಸಮಯ ಇಳಿಸಿದರೂ ದೂರು ನಿಲ್ಲಲಿಲ್ಲ. ಕೊನೆಗೆ ಇಳಿಯುವ ಗೇಟನ್ನು ಬೆಲ್ಟಿನಿಂದ ದೂರ ಇಟ್ಟರಂತೆ. ಜನ ಹೆಚ್ಚು ನಡೆದರು, ಬೆಲ್ಟಿನ ಮುಂದೆ ಕಡಿಮೆ ನಿಂತರು. ದೂರು ಹೆಚ್ಚುಕಡಿಮೆ ಮಾಯ. ಆಡಳಿತ ಕಲಿಸುವವರು ಇದನ್ನು ಜಾಣತನ ಅಂತ ಹೇಳುತ್ತಾರೆ. ಕೈಲಿ ಮಗು ಇರುವವರನ್ನು, ಮಂಡಿ ನೋವಿನ ಅಜ್ಜಿಯನ್ನು ಕೇಳಿ ನೋಡಬೇಕಿತ್ತು.

ಬಸ್ ನಿಲ್ದಾಣಕ್ಕೆ ಗಡಿಯಾರವೇ ಇಲ್ಲ

ನಮ್ಮಲ್ಲಿ ಹೆಚ್ಚು ಜನ ಬಳಸುವ ಟರ್ಮಿನಲ್ ಬಂದರೂ ಅಲ್ಲ, ವಿಮಾನ ನಿಲ್ದಾಣವೂ ಅಲ್ಲ, ಬಸ್ ನಿಲ್ದಾಣ. ತಮಾಷೆ ಅಂದರೆ ಕಾಯುವಿಕೆಯ ಬಗ್ಗೆ ಅತಿ ಕಡಿಮೆ ಮಾತು ಬರೋದು ಅದರ ವಿಷಯದಲ್ಲೇ.

ಸಾರಿಗೆ ನಿಗಮಗಳು ಸಾಮಾನ್ಯವಾಗಿ ಹೇಳುವ ಅಂಕಿಗಳು ಯಾವುವು? ಒಂದು ಬಸ್ ದಿನಕ್ಕೆ ಎಷ್ಟು ಕಿ.ಮೀ. ಓಡಿತು, ಕಿ.ಮೀ.ಗೆ ಎಷ್ಟು ಆದಾಯ ಬಂತು, ಎಷ್ಟು ಬಸ್ ರಸ್ತೆಯಲ್ಲಿದ್ದವು, ಸೀಟು ಶೇಕಡಾ ಎಷ್ಟು ತುಂಬಿತ್ತು. ಎಲ್ಲವೂ ಬಸ್ಸಿನ ಅಳತೆ. ನಿಲ್ದಾಣದ್ದಲ್ಲ, ಪ್ರಯಾಣಿಕರದ್ದೂ ಅಲ್ಲ. ಬಸ್ ತುಂಬಿ ತುಳುಕಿದರೆ ಕಾಗದದಲ್ಲಿ ಅದು ಸಾಧನೆ. ಬಾಗಿಲಲ್ಲಿ ಜೋತಾಡುವವನಿಗೆ ಅದು ಬೇರೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಇದು ಇನ್ನೂ ಮುಖ್ಯವಾಯಿತು. ಎಷ್ಟು ಶೂನ್ಯ ಟಿಕೆಟ್ ಕೊಟ್ಟೆವು ಅಂತ ಸರ್ಕಾರ ಹೇಳುತ್ತೆ, ಹೇಳಲೇಬೇಕು. ಆದರೆ ಟಿಕೆಟ್ ಯಂತ್ರಕ್ಕೆ ಗೊತ್ತಾಗೋದು ಬಸ್ ಹತ್ತಿದವರು ಮಾತ್ರ. ಎಷ್ಟು ಹೊತ್ತು ಕಾದು ಹತ್ತಿದರು ಅಂತ ಅದಕ್ಕೆ ಗೊತ್ತಿಲ್ಲ. ಮೂರು ಬಸ್ ಬಿಟ್ಟು ನಾಲ್ಕನೆಯದಕ್ಕೆ ಹತ್ತಿದ ಗಾರ್ಮೆಂಟ್ಸ್ ಹೆಣ್ಣುಮಗಳೂ, ಬಂದ ತಕ್ಷಣ ಸೀಟು ಸಿಕ್ಕವಳೂ ಅದರ ಪಾಲಿಗೆ ಒಂದೇ. ಹತ್ತಲಾಗದೆ ವಾಪಸ್ ಹೋದವಳು ಅದರ ಲೆಕ್ಕದಲ್ಲಿ ಹುಟ್ಟೇ ಇಲ್ಲ. ಟಿಕೆಟ್ಟಿಗೆ ಕಾಸು ಬೇಡ, ಸರಿ. ಕಾದ ಹೊತ್ತೂ ಒಂದು ಬೆಲೆ ತಾನೇ?

'ಗಂಟೆಗೆ ಎರಡು ಬಸ್ ಇದೆ' ಅನ್ನೋ ಉತ್ತರವನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದರೊಳಗೂ ಒಂದು ಮೋಸ ಇದೆ. ಅರ್ಧ ಗಂಟೆಗೆ ಒಂದರಂತೆ ಸರಿಯಾಗಿ ಬಂದರೆ, ಯಾವಾಗಲೋ ಬಂದ ಪ್ರಯಾಣಿಕ ಸರಾಸರಿ 15 ನಿಮಿಷ ಕಾಯುತ್ತಾನೆ. ಅದೇ ಎರಡು ಬಸ್ 9:00ಕ್ಕೆ ಒಂದು, 9:10ಕ್ಕೆ ಇನ್ನೊಂದು ಬಂದು ಆಮೇಲೆ 10:00ರ ತನಕ ಏನೂ ಇಲ್ಲದಿದ್ದರೆ? ಆರರಲ್ಲಿ ಐದು ಪಾಲು ಜನ ಆ 50 ನಿಮಿಷದ ಅಂತರಕ್ಕೇ ಸಿಕ್ಕಿಬೀಳುತ್ತಾರೆ. ಸರಾಸರಿ ಕಾಯುವಿಕೆ 21 ನಿಮಿಷ 40 ಸೆಕೆಂಡಿಗೆ ಏರುತ್ತೆ. ಬಸ್ಸಿನ ಸಂಖ್ಯೆ ಅದೇ, ಡೀಸೆಲ್ ಅದೇ, ಚಾಲಕರು ಅವರೇ. ಬರೀ ಹಂಚಿಕೆ ಕೆಟ್ಟಿದ್ದಕ್ಕೆ ಪ್ರತಿಯೊಬ್ಬರಿಗೂ ಸರಾಸರಿ ಆರೂವರೆ ನಿಮಿಷಕ್ಕಿಂತ ಹೆಚ್ಚು ದಂಡ. ಎರಡು ಬಸ್ ಒಟ್ಟೊಟ್ಟಿಗೆ ಹೊರಡದಂತೆ ನೋಡಿಕೊಳ್ಳುವ ನಿಲ್ದಾಣದ ಕಂಟ್ರೋಲರ್ ಮಾಡುವ ಕೆಲಸಕ್ಕೆ ಎಷ್ಟು ಬೆಲೆ ಅಂತ ಇದರಿಂದ ಗೊತ್ತಾಗುತ್ತೆ.

ಕಟ್ಟಡದ ಗಾತ್ರವನ್ನೇ ಸಾಧನೆ ಅನ್ನೋ ರೂಢಿಯೂ ನಮ್ಮಲ್ಲಿದೆ. ಹುಬ್ಬಳ್ಳಿಯ 1507 ಮೀಟರ್ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಉದ್ದದ್ದು ಅಂತ 2023ರ ಮಾರ್ಚಿನಲ್ಲಿ ಉದ್ಘಾಟನೆ ಆಯಿತು. ನಮ್ಮೂರಿನ ಹೆಮ್ಮೆ, ಇರಲಿ. ಆದರೆ ಉದ್ದ ಅನ್ನೋದು ಹಾಕಿದ ಸಂಪನ್ಮೂಲ, ಸಿಕ್ಕ ಫಲ ಅಲ್ಲ. ರೈಲುಗಳು ಹೊರಗೆ ಸಿಗ್ನಲಿಗಾಗಿ ಕಾಯುವ ಹೊತ್ತು ಎಷ್ಟು ಇಳಿಯಿತು ಅನ್ನೋದು ಫಲ. ಕೇಳಬೇಕಾದ್ದು ಅದನ್ನು.

ಒಂದು ಸಂಜೆ ನೀವೇ ಅಳೆಯಬಹುದು

ಇದಕ್ಕೆಲ್ಲ ದೊಡ್ಡ ಸಾಫ್ಟ್‌ವೇರ್ ಬೇಕು ಅಂದುಕೊಳ್ಳಬೇಡಿ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಒಂದು ಸೂತ್ರ ಇದೆ. ಒಂದು ಜಾಗದಲ್ಲಿ ಸರಾಸರಿ ಎಷ್ಟು ಜನ ಇದ್ದಾರೋ ಅದನ್ನು, ಗಂಟೆಗೆ ಎಷ್ಟು ಜನ ಬರುತ್ತಾರೋ ಅದರಿಂದ ಭಾಗಿಸಿದರೆ, ಒಬ್ಬೊಬ್ಬರು ಸರಾಸರಿ ಎಷ್ಟು ಹೊತ್ತು ಅಲ್ಲಿದ್ದಾರೆ ಅಂತ ಸಿಗುತ್ತೆ. ಯಾರನ್ನೂ ಹಿಂಬಾಲಿಸಬೇಕಿಲ್ಲ, ಯಾರ ಹೆಸರೂ ಕೇಳಬೇಕಿಲ್ಲ.

ನಿಮ್ಮ ತಾಲೂಕು ಬಸ್ ನಿಲ್ದಾಣದಲ್ಲಿ ಸಂಜೆ ಐದರಿಂದ ಏಳರ ತನಕ ಕೂರಿ. ಹತ್ತು ನಿಮಿಷಕ್ಕೊಮ್ಮೆ ಒಂದು ಪ್ಲಾಟ್‌ಫಾರ್ಮಿನಲ್ಲಿ ಕಾಯುತ್ತಿರುವ ತಲೆ ಎಣಿಸಿ ಬರೆದುಕೊಳ್ಳಿ. ಇನ್ನೊಬ್ಬರು ಅಲ್ಲಿಂದ ಬಸ್ ಹತ್ತಿದವರನ್ನು ಎಣಿಸಲಿ. ಒಂದು ಉದಾಹರಣೆಗೆ, ಸರಾಸರಿ 300 ಜನ ನಿಂತಿದ್ದು ಗಂಟೆಗೆ 600 ಜನ ಹತ್ತಿದರೆ, ಸರಾಸರಿ ಕಾಯುವಿಕೆ ಅರ್ಧ ಗಂಟೆ. ಶುರುವಿನಲ್ಲಿದ್ದಷ್ಟೇ ಜನ ಕೊನೆಗೂ ಇದ್ದರೆ ಲೆಕ್ಕ ಹೆಚ್ಚು ನಂಬಿಕೆಯದ್ದು. ಜನ ಏರುತ್ತಲೇ ಹೋದರೆ ಹೊಸದಾಗಿ ಬರುವವರನ್ನೂ ಎಣಿಸಬೇಕು. ಕಾಲೇಜಿನ ಹುಡುಗರು ಒಂದು ವಾರ ಮಾಡಿದರೆ ಡಿಪೋ ಮ್ಯಾನೇಜರ್ ಮುಂದೆ ಇಡಬಹುದಾದ ಕಾಗದ ಸಿದ್ಧ. 'ಬಸ್ ಸಾಕಾಗ್ತಿಲ್ಲ ಸಾರ್' ಅನ್ನೋ ಮನವಿಗೂ, 'ಸೋಮವಾರ ಸಂಜೆ ಈ ಮಾರ್ಗದಲ್ಲಿ ಸರಾಸರಿ ಇಷ್ಟು ನಿಮಿಷ ಕಾದರು' ಅನ್ನೋ ಮನವಿಗೂ ಬಹಳ ವ್ಯತ್ಯಾಸ ಇದೆ. ಬಂದರಿನ ಗೇಟಿನಾಚೆಯ ಲಾರಿಗಳಿಗೂ ಇದೇ ಸೂತ್ರ ನಡೆಯುತ್ತೆ.

ಅಂಕಿ ಕಂಡಾಗ ಕೇಳಬೇಕಾದ ಪ್ರಶ್ನೆಗಳು

ಮುಂದಿನ ಸಲ 'ದಾಖಲೆ ಸಾಧನೆ' ಅನ್ನೋ ಸುದ್ದಿ ಕಂಡಾಗ ಇಷ್ಟು ಕೇಳಿಕೊಳ್ಳಿ:

1. ಗಡಿಯಾರ ಎಲ್ಲಿ ಶುರುವಾಯಿತು, ಎಲ್ಲಿ ನಿಂತಿತು? ಗೇಟಿನ ಹೊರಗಿನ ಹೊತ್ತು ಸೇರಿದೆಯಾ?
2. ಇದು ಯಾರ ಸಮಯ? ಹಡಗಿನದ್ದಾ, ಸರಕಿನದ್ದಾ, ಲಾರಿಯದ್ದಾ, ಪ್ರಯಾಣಿಕರದ್ದಾ?
3. ಸರಾಸರಿ ಮಾತ್ರ ಹೇಳಿದ್ದಾರಾ, ಅಥವಾ ಹತ್ತರಲ್ಲಿ ಅತಿ ಹೆಚ್ಚು ಕಾದ ಒಬ್ಬನ ಕತೆಯೂ ಇದೆಯಾ?
4. ಹೋಲಿಸಿದ್ದು ಯಾರ ಜೊತೆ? ಸರಕು, ಹವಾಮಾನ, ಗಾತ್ರ ಒಂದೇ ಬಗೆಯದ್ದಾ?
5. ಈ ಅಂಕಿ ಏರಿದಾಗ ಯಾರ ಹೊರೆ ಏರಿತು?

ಐದನೆಯದಕ್ಕೆ ಉತ್ತರ ಕೊಡುವುದು ಕಷ್ಟವೇನಲ್ಲ. ಗೇಟಿನಾಚೆಯ ರಸ್ತೆಯಲ್ಲಿ ಒಂದು ಕ್ಯಾಮೆರಾ, ಸಾಲಿನ ಬಾಲ ಸೇರಿದ ಲಾರಿಗೆ ಒಂದು ಟೋಕನ್, ಅದರ ಮೇಲೆ ಹೊತ್ತು. ಕಂಟೇನರಿಗೆ ಟ್ಯಾಗ್ ಹಾಕಿದವರಿಗೆ ಇದು ದೊಡ್ಡ ಕೆಲಸ ಅಲ್ಲ. ಹಾಗೆ ಅಳೆದ ದಿನ ಬಂದರಿನ ಅಂಕಿ ಸ್ವಲ್ಪ ಕೆಟ್ಟದಾಗಿ ಕಾಣಬಹುದು. ಆದರೆ ಹಾಲ್ಟಿಂಗ್ ಯಾರು ಕೊಡಬೇಕು ಅಂತ ಜಗಳ ಬಂದಾಗ ಚಾಲಕರ ಕೈಲಿ ಒಂದು ಚೀಟಿ ಇರುತ್ತೆ.

ಆ ರಾತ್ರಿ ಟೀ ಮುಗಿಸಿ ಎದ್ದಾಗ ಸಾಲು ಎರಡು ಲಾರಿಯಷ್ಟು ಜರುಗಿತ್ತು. "ಬರ್ತೀನಿ ಸಾರ್, ಹಿಂದಿನೋನು ಬೈತಾನೆ" ಅಂತ ಅವರು ಓಡಿದರು.